ಗಾಜಿನೊಳಗಿನ ದೇವರಿಗೆ ಕೈ ಮುಗಿದರೆ ತಪ್ಪಾ?

ದಾರಿಹೋಕ:
ಮೊನ್ನೆ ಧಾರ್ಮಿಕ ಕಲೆಯ ಒಂದು ಮ್ಯೂಸಿಯಂಗೆ ಹೋಗಿದ್ದೆ. ಕಂಚಿನ ನಟರಾಜನ ಮುಂದೆ ವಯಸ್ಸಾದ ಹೆಂಗಸೊಬ್ಬರು ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದರು. ಹಿಂದೆ ಇಬ್ಬರು ಕಿಸಕ್ಕನೆ ನಕ್ಕರು. ಕಾವಲಿನವರು ಬಂದು "ಮುಂದೆ ನಡೀರಿ, ಹಿಂದಿನವರಿಗೆ ಕಾಣಲ್ಲ" ಅಂದರು. ನಾನು ಪಕ್ಕದಲ್ಲೇ ಫಲಕ ಓದುತ್ತಾ ನಿಂತಿದ್ದೆ. ಹೊರಗೆ ಬಂದ ಮೇಲೆ ನೋಡಿದರೆ ಶತಮಾನ, ಲೋಹ, ಎತ್ತರ ಎಲ್ಲಾ ನೆನಪಿದೆ, ಮೂರ್ತಿಯ ಮುಖ ಮಾತ್ರ ನೆನಪಿಗೆ ಬರುತ್ತಿಲ್ಲ. ಪೂಜೆಗೆಂದೇ ಮಾಡಿದ್ದನ್ನು ಗಾಜಿನೊಳಗಿಟ್ಟು ನಂಬರ್ ಅಂಟಿಸಿದರೆ ಅದರಲ್ಲಿ ಏನು ಉಳಿಯುತ್ತೆ ಹೇಳಿ?

ಹಳೇಕುಂಚ:
ಬೇಕಾದಷ್ಟು ಉಳಿಯುತ್ತೆ. ಗುಡಿಯಲ್ಲಿ ನೀವು ಚೋಳರ ಕಂಚನ್ನು ನಿಜವಾಗಿ ನೋಡಿದ್ದೀರಾ? ರೇಷ್ಮೆ, ಹೂವು, ಒಡವೆಯ ಮಧ್ಯೆ ಮುಖ ಕಂಡರೆ ಪುಣ್ಯ. ಆ ಸೊಂಟದ ಬಾಗು, ಎತ್ತಿದ ಕಾಲು, ಬೆನ್ನಿನ ನಯ, ಇವೆಲ್ಲ ಕಣ್ಣಿಗೆ ಬಿದ್ದದ್ದೇ ಮ್ಯೂಸಿಯಂನಲ್ಲಿ. ರಷ್ಯಾದ ರುಬ್ಲೇವ್ ಮರದ ಹಲಗೆಯ ಮೇಲೆ ಬರೆದ 'ತ್ರಿತ್ವ' ಅನ್ನೋ ಕ್ರೈಸ್ತರ ಪೂಜಾಚಿತ್ರದ ಕಥೆಯೂ ಇದೇ. 15ನೇ ಶತಮಾನದ್ದು. ಮೇಲೆ ಬಳಿದ ಎಣ್ಣೆ ಕಪ್ಪಾಗಿ, ಅದರ ಮೇಲೆ ಬೇರೆಯವರು ಮತ್ತೆ ಬಣ್ಣ ಹಚ್ಚಿ, ಸಾಲದ್ದಕ್ಕೆ ಲೋಹದ ಹೊದಿಕೆ ಬೇರೆ. 1904ರಲ್ಲಿ ಶುಚಿ ಮಾಡಲು ಶುರು ಮಾಡಿದ ಮೇಲೆ ತಾನೆ ಒಳಗಿನ ಬಣ್ಣ ಹೊರಗೆ ಬಂದದ್ದು!

ಕಲ್ಲುಬೆಂಚು:
ಮುಚ್ಚಿಡುವುದೂ ಅದರ ಭಾಗವೇ ಅಲ್ವಾ ಸ್ವಾಮಿ? ಉತ್ಸವಮೂರ್ತಿಯ ಪೀಠದಲ್ಲಿ ತೂತುಗಳಿರುತ್ತವೆ, ಅಥವಾ ಬಳೆಗಳು. ಕೋಲು ತೂರಿಸಿ ಹೊರುವುದಕ್ಕೆ. ಅದು ನಿಂತಲ್ಲೇ ನಿಲ್ಲಲಿಕ್ಕೆ ಮಾಡಿದ್ದಲ್ಲ, ಜನರ ಹೆಗಲ ಮೇಲೆ ಓಲಾಡುತ್ತಾ ಬರಲಿಕ್ಕೆ ಮಾಡಿದ್ದು.

ಇನ್ನೊಂದು ಹೇಳುತ್ತೇನೆ. ಫ್ರಾನ್ಸಿನ ಕೋಲ್ಮಾರ್‌ನಲ್ಲಿ ಈಸೆನ್‌ಹೈಮ್ ಬಲಿಪೀಠದ (ಅಂದರೆ ಚರ್ಚಿನ ಪೂಜಾವೇದಿಕೆಯ) ಚಿತ್ರಗಳಿವೆ, ಗ್ರೂನೆವಾಲ್ಡ್ 1512ರಿಂದ 1516ರವರೆಗೆ ಬರೆದದ್ದು. ಅದು ಮೊದಲು ಒಂದು ಮಠದಲ್ಲಿತ್ತು. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈಯೆಲ್ಲ ಉರಿ, ಕೈಕಾಲು ಕೊಳೆಯುವ ರೋಗ ಬಂದವರನ್ನು ಅಲ್ಲಿ ನೋಡಿಕೊಳ್ಳುತ್ತಿದ್ದರು. ಆ ಚಿತ್ರದ ಯೇಸುವಿನ ಚರ್ಮದ ತುಂಬ ಹುಣ್ಣು, ಗಾಯ. ನರಳುತ್ತಿರುವವನು ತನ್ನಂಥದ್ದೇ ಮೈಯನ್ನು ಶಿಲುಬೆಯ ಮೇಲೆ ನೋಡುತ್ತಿದ್ದ. ಬಾಗಿಲಿನಂಥ ರೆಕ್ಕೆಗಳಿದ್ದವು, ಹಬ್ಬದ ದಿನ ತೆರೆದರೆ ಒಳಗಿನ ಬೇರೆ ಚಿತ್ರ ಕಾಣುತ್ತಿತ್ತು. ಈಗ ಹಲಗೆಗಳನ್ನು ಬಿಡಿಸಿ ಬೇರೆ ಬೇರೆ ನಿಲ್ಲಿಸಿದ್ದಾರೆ. ಸುತ್ತ ನಡೆದರೆ ಹತ್ತೇ ನಿಮಿಷದಲ್ಲಿ ಎಲ್ಲಾ ಮುಖ ನೋಡಬಹುದು. ಅನುಕೂಲ, ಒಪ್ಪಿದೆ. ಆದರೆ ಕಾಯುವುದು ಹೋಯಿತು. ಕಾದು ನೋಡಿದ್ದಕ್ಕೂ ಟಿಕೆಟ್ ಕೊಟ್ಟು ನೋಡಿದ್ದಕ್ಕೂ ವ್ಯತ್ಯಾಸ ಇದೆ.

ಸುಣ್ಣಬಣ್ಣ:
ನಾನು ವಸ್ತು ಉಳಿಸುವವರ ಕಡೆ, ಬೈದರೂ ಪರವಾಗಿಲ್ಲ. ಅದೇ 'ತ್ರಿತ್ವ'ವನ್ನು 2022ರಲ್ಲಿ ಕೆಲವೇ ದಿನದ ಮಟ್ಟಿಗೆ ಮ್ಯೂಸಿಯಂನಿಂದ ಅದು ಮೊದಲಿದ್ದ ರಷ್ಯಾದ ಮಠಕ್ಕೆ ಕೊಂಡೊಯ್ದು ತಂದರು. ವಾಪಸ್ ಬಂದಾಗ ಮ್ಯೂಸಿಯಂನ ತಜ್ಞರು ಹತ್ತಾರು ಬದಲಾವಣೆ ಗುರುತಿಸಿದರು. ಮರದ ಹಲಗೆ ತೇವಕ್ಕೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಮೇಲಿನ ಬಣ್ಣ ಅದರ ಜೊತೆ ಹಿಗ್ಗಲ್ಲ, ಏಳುತ್ತೆ. ಅಷ್ಟಾದರೂ 2023ರಲ್ಲಿ ಚರ್ಚಿಗೆ ಕೊಟ್ಟೇ ಬಿಟ್ಟರು. ಭಕ್ತಿಗೆ ತೇವಾಂಶದ ಲೆಕ್ಕ ಗೊತ್ತಿಲ್ಲ.

ಕಲ್ಲುಬೆಂಚು:
@ಸುಣ್ಣಬಣ್ಣ ನಿಮ್ಮ ಲೆಕ್ಕದಲ್ಲಿ ಭಕ್ತರೆಲ್ಲ ತೇವಾಂಶ ಅಷ್ಟೇ 😄

ಮೂಲೆಮನೆ:
ನೀವೆಲ್ಲ ಒಂದು ಬಿಟ್ಟಿರಿ. ಅದು ಅಲ್ಲಿಗೆ ಬಂದದ್ದು ಹೇಗೆ? ತಮಿಳುನಾಡಿನ ಶ್ರೀಪುರಂದನ್ ಗುಡಿಯಿಂದ ಕದ್ದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತ್ತು. 2014ರಲ್ಲಿ ಹಿಂದಕ್ಕೆ ಕೊಟ್ಟರು. ಆರು ವರ್ಷ ಅದರ ಮುಂದೆ ನಿಂತವರು ಚೋಳರ ಕಲೆ ಎಷ್ಟು ಚೆಂದ ಅಂದುಕೊಂಡೇ ಹೋಗಿರುತ್ತಾರೆ. ನಾನೀಗ ಫಲಕದಲ್ಲಿ ಮೊದಲು ಓದುವುದು ಕೊನೆಯ ಸಾಲನ್ನು. ಯಾರು ಕೊಟ್ಟದ್ದು, ಯಾವಾಗ ಕೊಂಡದ್ದು. ಅದು ಇಲ್ಲದಿದ್ದರೆ ನನಗೆ ಅನುಮಾನ ಜಾಸ್ತಿ.

ಹಳೇಕುಂಚ:
@ಮೂಲೆಮನೆ ಕಳವಿನದ್ದಾದರೆ ವಾಪಸ್ ಹೋಗಬೇಕು, ಅದರಲ್ಲಿ ವಾದವೇ ಇಲ್ಲ. ಆದರೆ ಎಲ್ಲವೂ ಕಳವಿನದ್ದಲ್ಲ. ಎರಡನ್ನೂ ಒಟ್ಟಿಗೆ ನಿಭಾಯಿಸಿದ ಕಡೆಗಳೂ ಇವೆ. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಗೆ ಸೇರಿದ ಚರ್ಚಿನಲ್ಲಿ ವ್ಲಾದಿಮಿರ್ ಮಾತೆಯ, ಅಂದರೆ ಮೇರಿಯ, ಪೂಜಾಚಿತ್ರ ಇಟ್ಟಿದ್ದರು. ಚಿತ್ರ ಗಾಜಿನ ಪೆಟ್ಟಿಗೆಯಲ್ಲಿ, ಎದುರಿಗೆ ಪ್ರಾರ್ಥನೆ. ಅಮೆರಿಕದ ನ್ಯೂವಾರ್ಕ್ ಮ್ಯೂಸಿಯಂನ ಟಿಬೆಟನ್ ಪೂಜಾಪೀಠವನ್ನು 1990ರಲ್ಲಿ ದಲೈ ಲಾಮಾ ಅವರೇ ಪ್ರತಿಷ್ಠಾಪಿಸಿದ್ದು. ಹಾಗಾಗಿ ಮ್ಯೂಸಿಯಂ ಅಂದ ಕೂಡಲೇ ಪೂಜೆ ಸತ್ತಿತು ಅನ್ನಬೇಡಿ.

ಸುಣ್ಣಬಣ್ಣ:
ಗಾಜು ಬೇಡ ಅನ್ನುವವರಿಗೆ ಇದೂ ಇರಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1993ರಲ್ಲಿ ಸೇಂಟ್ ಮಂಗೋ ಹೆಸರಿನ ಧರ್ಮಗಳ ಮ್ಯೂಸಿಯಂ ತೆರೆದರು. ಹೊಸದರಲ್ಲೇ ಒಬ್ಬ ಬಂದು ಅಲ್ಲಿದ್ದ ನಟರಾಜನನ್ನು ದೂಡಿ ಬೀಳಿಸಿದ. ಬರೀ ಕಲೆ ಅಂದುಕೊಂಡಿದ್ದರೆ ಅವನು ಮುಟ್ಟುತ್ತಲೇ ಇರಲಿಲ್ಲ. ಅವನಿಗೂ ಅದು ದೇವರಂತೆಯೇ ಕಂಡಿರಬೇಕು, ಬೇರೆಯವರ ದೇವರು ಅಷ್ಟೇ.

ಕಲ್ಲುಬೆಂಚು:
ಈ ಮಾತಿಗೆ ಸೋತೆ. ಆದರೆ ಬೆಳಕಿನ ವಿಷಯದಲ್ಲಿ ಸೋಲಲ್ಲ. ಚಿನ್ನದ ಹಾಳೆ ಅಂಟಿಸಿದ ಚಿತ್ರವನ್ನು ದೀಪದ ಮುಂದೆ ನೋಡಿ, ಹಿನ್ನೆಲೆ ಉಸಿರಾಡುತ್ತೆ. ಅದನ್ನೇ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಹಳದಿ ಪೇಂಟ್.

ದಾರಿಹೋಕ:
ನಾಳೆ ಮತ್ತೆ ಹೋಗುತ್ತಿದ್ದೇನೆ. ಪೀಠದ ತೂತುಗಳನ್ನು ಗಮನಿಸಿಯೇ ಇರಲಿಲ್ಲ. ಈ ಸಲ ಮೂರೇ ವಸ್ತು ನೋಡುವುದು, ಫಲಕ ಕೊನೆಗೆ.

ಮೂಲೆಮನೆ:
ಅದಿರಲಿ, ಆ ನಕ್ಕವರಿಗೆ ಯಾರೂ ಏನೂ ಹೇಳಲಿಲ್ವಾ?

ದಾರಿಹೋಕ:
ಇಲ್ಲ. ನಾನೂ ಹೇಳಲಿಲ್ಲ.