ಅಪ್‌ಡೇಟ್: ಗೇಮ್ ಕೊನೆಗೂ ಓಪನ್ ಆಯ್ತು

ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಹಾಕಿದರೆ ಎರಡೇ ಸೆಕೆಂಡಿಗೆ ಮುಚ್ಚಿಕೊಳ್ಳುತ್ತದೆ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಸರಿಯಾಯಿತು. ಸುಮ್ನೆ ಗ್ರಾಫಿಕ್ಸ್ ಡ್ರೈವರನ್ನು ಬೈದಿದ್ದೆ.

ಗೇಮ್ ಇದ್ದದ್ದು ಡಿಸ್ಕಿನ ಹಳೆಯ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಮಾದರಿ) ಪಾರ್ಟಿಷನ್‌ನಲ್ಲಿ. ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ (ಗೇಮ್ ಮಾರುವ, ನಡೆಸುವ ಆ್ಯಪ್) ಪ್ರೋಟಾನ್ ಪ್ರತಿ ಗೇಮಿಗೂ ಒಂದು ಸುಳ್ಳು ಸಿ ಡ್ರೈವ್ ಕಟ್ಟುತ್ತದೆ. ಅದರ ಜೊತೆಗೆ, ಅದನ್ನು ತೋರಿಸುವ ‘ಸಿ:’ ಅನ್ನುವ ಹೆಸರಿನದೇ ಒಂದು ಲಿಂಕ್. ಹೆಸರಲ್ಲಿ ಆ ಎರಡು ಚುಕ್ಕೆ ಇದ್ದರೆ ವಿಂಡೋಸ್‌ನ ಪಾರ್ಟಿಷನ್‌ಗೇ ಆಗಿಬರುವುದಿಲ್ಲ. ಅದಕ್ಕೇ ಗೇಮ್ ಮುಚ್ಚಿಕೊಳ್ಳುತ್ತಿತ್ತು. ತಮಾಷೆ ನೋಡಿ!

ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯ ಪಾರ್ಟಿಷನ್‌ನಲ್ಲಿ ಹೊಸ ಸ್ಟೀಮ್ ಲೈಬ್ರರಿ ಮಾಡಿ, 38 ಜಿಬಿ ಮತ್ತೆ ಇಳಿಸಿದೆ. ನಮ್ಮ ಬದಿಯಡ್ಕದ ಮಳೆಗೆ ನಡುವೆ ಎರಡು ಸಲ ಕರೆಂಟ್ ಹೋಯಿತು. ಶುರುವಿನಲ್ಲಿ ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂ) ತಯಾರಾಗುವಾಗ ಸ್ವಲ್ಪ ತಡವರಿಸಿತು, ಆಮೇಲೆ ಸಲೀಸು. ಈಗ ನನ್ನ ತಮ್ಮ ಕಂಟ್ರೋಲರ್ ಕೊಡುತ್ತಿಲ್ಲ.