ಒಂದೇ ತೋಟ, ಎರಡು ಮನೆ: ಅಂತರ ಯಾಕೆ ಕರಗಲ್ಲ?

ಸಿದ್ದಾಪುರದವ: ನಮ್ಮದು ಅಜ್ಜನ ಕಾಲದ ನಾಲ್ಕು ಎಕರೆ ಕಾಫಿ ತೋಟ. ನನ್ನದೇ ವಯಸ್ಸಿನ ಯರವ ಗೆಳೆಯ (ಕೊಡಗಿನ ಒಂದು ಬುಡಕಟ್ಟಿನವ) ನಮ್ಮಲ್ಲೇ ಕೆಲಸ ಮಾಡುತ್ತಾನೆ. ಅವನ ಅಪ್ಪ, ಅಜ್ಜನೂ ಇದೇ ಮಣ್ಣಲ್ಲಿ ದುಡಿದವರು. ಮಗಳ ಓದಿಗೆ ನಾನು ಪಹಣಿ ತೋರಿಸಿ ಬ್ಯಾಂಕ್ ಸಾಲ ತಂದೆ. ಅವನು ಏನು ತೋರಿಸಬೇಕು, ರೇಷನ್ ಕಾರ್ಡಾ? ಅಮೆರಿಕದ ಕಪ್ಪು ಜನರ ಕಥೆಯೂ ಹೀಗೇ ಅಂತೆ. ಕೂಲಿ ಏರಿದರೂ ಅಂತರ ಯಾಕೆ ಉಳಿಯುತ್ತದೆ?

ಮಡಿಕೇರಿ ಮಳೆ: ಸಂಬಳ ಬೇರೆ, ಆಸ್ತಿ ಬೇರೆ, ಅಲ್ವಾ? ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆ ಪ್ರಕಾರ, ಸಾಲ ಕಳೆದು, ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬದ್ದು ಸುಮಾರು 45,000. 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಎಂದು ಗುರುತು ಹಾಕಿದರು. ಈ ಭೇದ ತಡೆಯುವ ಕಾನೂನು ಬಂದದ್ದು 1968ರಲ್ಲಿ. ಅಷ್ಟರಲ್ಲಿ ಬಿಳಿಯರ ಮನೆಗಳ ಬೆಲೆ ಏರಿಬಿಟ್ಟಿತ್ತು.

ಲೈನ್‌ಮನೆ ಹುಡುಗಿ: ನಾನು ಹುಟ್ಟಿದ್ದೇ ಲೈನ್‌ಮನೆಯಲ್ಲಿ. ತೋಟದ ಮಾಲೀಕರು ಕೆಲಸಗಾರರಿಗೆ ಕೊಡುವ ಸಾಲುಮನೆ ಅದು, ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಅಪ್ಪ ಗೋಡೆಗೆ ಸಿಮೆಂಟ್ ಮೆತ್ತಿದರು, ಹಿಂದೆ ಹಲಸು ನೆಟ್ಟರು. ಹೊರಡುವಾಗ ಜೊತೆಗೆ ಬಂದದ್ದು ಒಂದು ಟ್ರಂಕು, ಎರಡು ಕೋಳಿ. ಹಲಸು ಈಗ ಜಾಸ್ತಿ ಬಿಡುತ್ತದಂತೆ! ಹಾಡಿಯಲ್ಲಿರುವ (ಕಾಡಂಚಿನ ಬುಡಕಟ್ಟು ಜನರ ಊರು) ಚಿಕ್ಕಮ್ಮನಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜಾಗದ ಹಕ್ಕುಪತ್ರ ಸಿಕ್ಕಿದೆ. ಮಕ್ಕಳಿಗೆ ಹೋಗುತ್ತದೆ, ಮಾರುವ ಹಾಗಿಲ್ಲ. ಅಣ್ಣಾ, ನಿಮ್ಮ ಗೆಳೆಯನ ಹೆಸರಲ್ಲಿ ಎಷ್ಟು ಸೆಂಟ್ ಇದೆ?

ಸಿದ್ದಾಪುರದವ: ಒಂದೂ ಇಲ್ಲ, ತಂಗಿ. ಐದು ಸೆಂಟ್ ಬರೆದುಕೊಡೋಣ ಅಂತ ನಿನ್ನೆ ಸುಮ್ನೆ ಬಾಯಿಬಿಟ್ಟೆ. ಮನೆಯಲ್ಲಿ ಇನ್ನೂ ಯಾರೂ ಮಾತಾಡುತ್ತಿಲ್ಲ.