ಪ್ರಶ್ನೋತ್ತರ: ಪಾಠದ ರೆಕಾರ್ಡಿಂಗೂ ನೋಟ್ಸೂ ತಾಳೆಯಾಗಬೇಕಾದರೆ

ಪ್ರಶ್ನೆ: ಸರ್, ಎಂಜಿನಿಯರಿಂಗ್ ಎರಡನೇ ವರ್ಷ. ವಿಂಡೋಸ್ ಲ್ಯಾಪ್‌ಟಾಪಲ್ಲಿ ಒನ್‌ನೋಟ್ ಹಾಕ್ಕೊಂಡು ಪಾಠ ರೆಕಾರ್ಡ್ ಮಾಡ್ತಾನೇ ನೋಟ್ಸ್ ಬರೀತೀನಿ. ಕೂರೋದು ಹಿಂದಿನ ಬೆಂಚು. ಮೇಷ್ಟ್ರ ದನಿಗಿಂತ ಫ್ಯಾನು, ಕೀಬೋರ್ಡ್ ಸದ್ದೇ ಜಾಸ್ತಿ. ಬೇರೆ ಯಾವ ಸಾಫ್ಟ್‌ವೇರ್ ಒಳ್ಳೇದು?

ಉತ್ತರ: ಸಾಫ್ಟ್‌ವೇರ್ ಇರಲಿ, ಮೈಕಿನ ಜಾಗ ಬದಲಿಸಿ. ದೂರ ದುಪ್ಪಟ್ಟಾದರೆ ಬಾಯಿಂದ ನೇರ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆಮೇಲೆ ದನಿ ತಿದ್ದುವ ಸಾಫ್ಟ್‌ವೇರ್ ಅಡಾಸಿಟಿಯ ನಾಯ್ಸ್ ರಿಡಕ್ಷನ್ ಫ್ಯಾನಿನ ಸದ್ದನ್ನು ತಗ್ಗಿಸೀತು, ಪ್ರತಿಧ್ವನಿಯನ್ನಲ್ಲ.

ಮೇಷ್ಟ್ರ ಒಪ್ಪಿಗೆ ಪಡೆದು ಫೋನನ್ನು ಅವರ ಮೇಜಿನ ಮೇಲೆ, ಮಡಚಿದ ಕರ್ಚೀಫಿನ ಮೇಲಿಡಿ. ಇಲ್ಲವಾದರೆ ಪುಸ್ತಕ ಇಟ್ಟಾಗಲೆಲ್ಲ ಧಡ್ ಎನ್ನುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ರೆಕಾರ್ಡಿಂಗ್ ನಿಂತುಬಿಡಬಹುದು. ರೆಕಾರ್ಡರ್ ಆ್ಯಪ್‌ಗೆ ಬ್ಯಾಟರಿ ಆಪ್ಟಿಮೈಸೇಷನ್ (ಬ್ಯಾಟರಿ ಉಳಿಸಲು ಆ್ಯಪನ್ನು ತಡೆಯುವ ಸೆಟ್ಟಿಂಗ್) ಆಫ್ ಮಾಡಿ. ರೆಕಾರ್ಡಿಂಗಿಗೆ ಮೊನೊ (ಒಂದೇ ಚಾನೆಲ್), 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಧಾರಾಳ: ಗಂಟೆಗೆ ಸುಮಾರು 29 ಎಂಬಿ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊದ, ಕುಗ್ಗಿಸದ ವೇವ್ ಫೈಲು 600 ಎಂಬಿ ದಾಟುತ್ತದೆ. ಮಾತಿಗೆ ಅದು ದಂಡ.

ಪ್ರಶ್ನೆ: ಆದ್ರೆ ನೋಟ್ಸಿನ ಸಾಲು ಒತ್ತಿದರೆ ಅದೇ ಮಾತು ಕೇಳಿಸುತ್ತಲ್ಲ, ಅದು ತಪ್ಪಿಹೋಗಲ್ವಾ?

ಉತ್ತರ: ಫೋನಿನ ಫೈಲಿಗೆ ಆ ಕೊಂಡಿ ಇರುವುದಿಲ್ಲ. ಒನ್‌ನೋಟ್ ತಾನೇ ರೆಕಾರ್ಡ್ ಮಾಡುತ್ತಿರುವಾಗ ಬರೆದ ಸಾಲಿಗಷ್ಟೇ ಅದು ಸಿಗುತ್ತದೆ. ಹಾಗಾಗಿ ಲ್ಯಾಪ್‌ಟಾಪಿನ ರೆಕಾರ್ಡಿಂಗನ್ನೂ ಬಿಡಬೇಡಿ, ದನಿ ಕ್ಷೀಣವಾದರೂ ಜಾಗ ಹುಡುಕಲು ಬೇಕು. ಹಾಜರಿಯ ಮೊದಲ ಹೆಸರು ಎರಡೂ ಫೈಲಿನಲ್ಲಿ ಎಲ್ಲಿದೆ ನೋಡಿ. ಫೋನಿನಲ್ಲಿ 2:10, ಲ್ಯಾಪ್‌ಟಾಪಿನಲ್ಲಿ 0:40 ಆದರೆ ಮುಂದಕ್ಕೆಲ್ಲ ಲ್ಯಾಪ್‌ಟಾಪಿನ ಸಮಯಕ್ಕೆ ಒಂದೂವರೆ ನಿಮಿಷ ಕೂಡಿಸಿದರಾಯಿತು. ಫೋನಿನ ಫೈಲಿನ ಆರಂಭ ಕತ್ತರಿಸಿದರೆ ಈ ಲೆಕ್ಕ ಕೆಡುತ್ತದೆ. ಕೇಳುವಾಗ ಹತ್ತು ಸೆಕೆಂಡ್ ಹಿಂದಿನಿಂದ ಶುರು ಮಾಡಿ, ಕೈ ಯಾವಾಗಲೂ ಕಿವಿಗಿಂತ ತಡ.

ಎರಡೆರಡು ರೆಕಾರ್ಡಿಂಗ್ ರಗಳೆ ಎನಿಸಿದರೆ, ಫೋನ್ ಶುರುವಾದ ಗಡಿಯಾರದ ಸಮಯ ಪುಟದ ಮೇಲೆ ಬರೆದು, ಹೊಸ ವಿಷಯ ಬಂದಾಗಲೆಲ್ಲ ಆಲ್ಟ್+ಶಿಫ್ಟ್+ಟಿ ಒತ್ತಿ. ಆಗಿನ ಸಮಯ ತಾನೇ ಬೀಳುತ್ತದೆ. ನನ್ನ ಮಟ್ಟಿಗೆ ಇದೇ ವಾಸಿ.

ಮತ್ತೊಬ್ಬರ ಪ್ರಶ್ನೆ: ಲಿನಕ್ಸಲ್ಲಿ ಇಂಥದ್ದು ಉಂಟಾ?

ಉತ್ತರ: ಉಂಟು, ಕ್ಸರ್ನಲ್++ (Xournal++), ಉಚಿತ. ಪೆನ್ನಿನಲ್ಲಿ ಬರೆದ ಗೆರೆಗೂ ದನಿಗೂ ಕೊಂಡಿ ಹಾಕುತ್ತದೆ. ಮೊದಲು ಪ್ರಿಫರೆನ್ಸಸ್‌ನಲ್ಲಿ ಆಡಿಯೊ ಫೋಲ್ಡರ್ ಗೊತ್ತುಮಾಡಿ. ದನಿ ನೋಟ್ಸ್ ಫೈಲಿನೊಳಗೆ ಇರುವುದಿಲ್ಲ, ಆ ಫೋಲ್ಡರಿನಲ್ಲಿರುತ್ತದೆ. ಗೆಳೆಯರಿಗೆ ನೋಟ್ಸ್ ಫೈಲೊಂದನ್ನೇ ಕಳಿಸಿದರೆ ಬರಹ ಕಾಣುತ್ತದೆ, ದನಿ ಬರುವುದಿಲ್ಲ.